ಮಗುವಿನ ಅಳತೆಗೆ ತಕ್ಕ ಪಂದ್ಯದ ಸೈಕಲ್ಲು

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸೈಕಲ್ಲು ನಮಗೆ ಹೊಸದಲ್ಲ. ಗಿರಣಿಯ ಪಾಳಿಗೆ ಹೋದದ್ದು, ಹೋಟೆಲಿಗೆ ಹಾಲು ತರಕಾರಿ ಹೊತ್ತದ್ದು ಅದರ ಮೇಲೆಯೇ. ಆದರೆ ಮಕ್ಕಳು ಈಗ ಕೇಳುತ್ತಿರುವುದು ಪಂದ್ಯದ ಸೈಕಲ್ಲು. ಕೇಳುವುದು ತಪ್ಪೂ ಅಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳ ಮಕ್ಕಳು ಈ ಆಟದಲ್ಲಿ ರಾಷ್ಟ್ರಮಟ್ಟದ ಹೆಸರು ಪಡೆದಿದ್ದಾರೆ. ೨೦೨೨ರಲ್ಲಿ ರಾಷ್ಟ್ರೀಯ ಕ್ರೀಡೆಗಳು ಅಹಮದಾಬಾದು, ಸೂರತ್ತು, ವಡೋದರಾ ಮೊದಲಾದ ಊರುಗಳಲ್ಲಿ ನಡೆದಾಗ ರಸ್ತೆಯ ಸೈಕಲ್ ಪಂದ್ಯಗಳು ಗಾಂಧಿನಗರದಲ್ಲಿ ಆದವು. ಟ್ರ್ಯಾಕ್ ಪಂದ್ಯಗಳು ಮಾತ್ರ ದೆಹಲಿಯಲ್ಲಿ. ಆದುದರಿಂದ ನಮ್ಮ ಮಕ್ಕಳಿಗೆ ರಸ್ತೆ ಪಂದ್ಯದ ಸೈಕಲ್ಲೇ ಸರಿ. ಟ್ರ್ಯಾಕಿನ ಸೈಕಲ್ಲಿಗೆ ಬ್ರೇಕೇ ಇರುವುದಿಲ್ಲ. ಅದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಬೀದಿಗಿಳಿಸಬಾರದು.

ನಾವು ಹೆಚ್ಚಾಗಿ ಮಾಡುವ ಕೆಲಸ ಒಂದುಂಟು. "ಹುಡುಗ ಬೆಳೆಯುತ್ತಾನೆ" ಎಂದು ಅಂಗಿಯನ್ನು ದೊಡ್ಡದಾಗಿ ಹೊಲಿಸುವಂತೆ ಸೈಕಲ್ಲನ್ನೂ ದೊಡ್ಡದು ಕೊಳ್ಳುತ್ತೇವೆ. ಅಂಗಿ ದೊಡ್ಡದಾದರೆ ತೋಳು ಮಡಚಬಹುದು. ಸೈಕಲ್ಲು ದೊಡ್ಡದಾದರೆ ಬ್ರೇಕಿಗೆ ಬೆರಳು ಎಟುಕದು, ಸೊಂಟ ಅತ್ತಿತ್ತ ಹೊರಳುವುದು, ಮಂಡಿ ನೋಯುವುದು. ಪಂದ್ಯದಲ್ಲಿ ಹಿಂದೆ ಬೀಳುವುದಷ್ಟೇ ಅಲ್ಲ, ಗುಂಪಿನ ನಡುವೆ ಬೀಳುವ ಭಯವೂ ಉಂಟು.

ಅಳತೆ ಸುಲಭ. ಬರಿಗಾಲಿನಲ್ಲಿ ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತೊಡೆಗಳ ಸಂದಿಗೆ ಒಂದು ಪುಸ್ತಕ ಒತ್ತಿ, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಅದನ್ನು ೦.೮೮೩ರಿಂದ ಗುಣಿಸಿದರೆ ಪೆಡಲ್ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸುಮಾರಾಗಿ ಸಿಗುತ್ತದೆ. ೭೦ ಸೆಂಟಿಮೀಟರ್ ಬಂದರೆ ಸೀಟು ೬೨ರ ಹತ್ತಿರ. ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಮುಂಗಾಲಿಟ್ಟು ತುಳಿದಾಗ ಮಂಡಿ ತುಸು ಬಾಗಿರಬೇಕು. ದೊಡ್ಡವರ ಸೈಕಲ್ಲಿನ ೧೭೦ ಮಿಲಿಮೀಟರಿನ ಪೆಡಲ್ ತೋಳು ಚಿಕ್ಕ ಮಕ್ಕಳಿಗೆ ಉದ್ದವಾಗುತ್ತದೆ.

ಹಳೆಯ ಸೈಕಲ್ಲು ಕೊಳ್ಳಲು ನಾಚಿಕೆ ಬೇಡ. ಆದರೆ ಬಣ್ಣಕ್ಕೆ ಮರುಳಾಗಬೇಡಿ. ಬೆಸುಗೆಗಳಲ್ಲಿ ಬಿರುಕು, ಕೊಳವೆಯ ಮೇಲೆ ಸುಕ್ಕು ಇದ್ದರೆ ಬಿಟ್ಟುಬಿಡಿ. ಹಿಂಚಕ್ರ ಕೂರುವ ಒಂದು ಕಡೆಯಿಂದ ದಾರ ಕಟ್ಟಿ, ಹ್ಯಾಂಡಲಿನ ಕೊಳವೆಯನ್ನು ಸುತ್ತಿ, ಇನ್ನೊಂದು ಕಡೆಗೆ ಬಿಗಿಯಿರಿ. ಸೀಟಿನ ಕೊಳವೆಗೂ ದಾರಕ್ಕೂ ಎರಡು ಕಡೆಯೂ ಸಮ ಅಂತರವಿಲ್ಲದಿದ್ದರೆ ಚೌಕಟ್ಟು ಸೊಟ್ಟಗಾಗಿದೆ. ದಾರಕ್ಕೆ ನಮ್ಮಲ್ಲಿ ಬರವಿಲ್ಲವಷ್ಟೆ!

ಇನ್ನು ಪಂದ್ಯಕ್ಕೆ ಅಣಿಗೊಳಿಸುವ ಮಾತು. ಕದಿರು ನಡುಗಿದರೆ ನೂಲು ಹರಿಯುತ್ತದೆಂಬುದನ್ನು ಗಿರಣಿಯವರಿಗೆ ಹೇಳಬೇಕಾಗಿಲ್ಲ. ಚಕ್ರವೂ ಹಾಗೆಯೇ, ತಿರುಗಿಸಿ ನೋಡಿ, ಓಲಾಡಿದರೆ ಕಡ್ಡಿಗಳನ್ನು ಸರಿಪಡಿಸಿ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆಮುಂದೆ ದೂಡಿ. ಹ್ಯಾಂಡಲಿನ ಬುಡದಲ್ಲಿ ಕಟಕಟ ಎಂದರೆ ಬೇರಿಂಗು ಸಡಿಲ. ಚೈನಿನ ೨೪ ಕೊಂಡಿಗಳು ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ೧೨ ಅಂಗುಲವಿರಬೇಕು. ೧/೧೬ ಅಂಗುಲ ಹೆಚ್ಚಿದರೆ ಚೈನು ಬದಲಿಸಿ. ೧/೮ ಹೆಚ್ಚಿದ್ದರೆ ಹಿಂದಿನ ಹಲ್ಲುಚಕ್ರವೂ ಸವೆದಿರುತ್ತದೆ. ಗಾಳಿಯ ಒತ್ತಡ ಟೈರಿನ ಮೇಲೆ ಅಚ್ಚಾದ ಮಿತಿಯನ್ನು ಮೀರಬಾರದು. ಹ್ಯಾಂಡಲಿನ ತುದಿಗಳಿಗೆ ಬಿರಡೆ ಇರಲೇಬೇಕು. ಬಿದ್ದಾಗ ಬರಿಯ ಕೊಳವೆ ಹೊಟ್ಟೆಗೆ ಚುಚ್ಚುತ್ತದೆ. ಈ ಕೆಲಸವೆಲ್ಲ ಎರಡು ದಿನ ಮುಂಚೆ ಮುಗಿದು, ಮಗು ಒಮ್ಮೆ ಓಡಿಸಿ ನೋಡಿರಬೇಕು. ಪಂದ್ಯದ ಬೆಳಿಗ್ಗೆ ಹೊಸದೇನನ್ನೂ ಹಾಕಬಾರದು.

ಹೆಲ್ಮೆಟ್ಟಿನಲ್ಲಿ ಮಾತ್ರ ಉಳಿತಾಯ ಬೇಡ. ೨೦೦೩ರ ಮಾರ್ಚಿಯಲ್ಲಿ ಫ್ರಾನ್ಸಿನ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಕಜಾಕಸ್ತಾನದ ಆಂದ್ರೇ ಕಿವಿಲೆವ್ ಹೆಲ್ಮೆಟ್ಟಿಲ್ಲದೆ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಅದೇ ವರ್ಷ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಅದನ್ನು ಕಡ್ಡಾಯ ಮಾಡಿತು. ಅಂಥ ನುರಿತವರಿಗೇ ಹೀಗಾದರೆ ನಮ್ಮ ಮಕ್ಕಳ ಮಾತೇನು? ಇಲ್ಲಿಯ ಬೇಸಗೆಯನ್ನೂ ಮರೆಯಬೇಡಿ. ೨೦೧೬ರ ಮೇ ತಿಂಗಳಲ್ಲಿ ಅಹಮದಾಬಾದು ೪೮ ಡಿಗ್ರಿ ಕಂಡಿತು. ಅಭ್ಯಾಸ ನಸುಕಿನಲ್ಲಿಯೇ ಆಗಲಿ, ನೀರಿನ ಸೀಸೆ ಜೊತೆಗಿರಲಿ.

"ಇಷ್ಟೆಲ್ಲ ಸರಿ, ಎರಡು ವರ್ಷಕ್ಕೊಮ್ಮೆ ಹೊಸ ಸೈಕಲ್ಲು ತರಲು ನಮ್ಮ ಸಂಬಳ ಸಾಲುವುದೇ?" ಎಂದು ನೀವು ಕೇಳುವಿರಿ. ಒಬ್ಬೊಬ್ಬರಿಗೆ ಸಾಲದು. ಅದಕ್ಕಾಗಿಯೇ ಸಂಘವಿರುವುದು. ಮೂರು ಅಳತೆಯ ಮೂರು ಒಳ್ಳೆಯ ಸೈಕಲ್ಲುಗಳನ್ನು ಸಂಘವೇ ಕೊಳ್ಳಲಿ. ಒಂದು ಮಗು ಬೆಳೆದು ಮುಂದಿನ ಅಳತೆಗೆ ಹೋದಾಗ ಅದರ ಸೈಕಲ್ಲು ಇನ್ನೊಂದು ಮಗುವಿಗೆ ಬರಲಿ. ಯಾವ ದಿನ ಯಾರು ಚೈನು ನೋಡಿದರು, ಟೈರು ಬದಲಿಸಿದರು ಎಂಬುದಕ್ಕೆ ಒಂದು ಪುಸ್ತಕವಿರಲಿ. ಗಿರಣಿಯ ಫಿಟ್ಟರು ರಿಪೇರಿ ನೋಡಿಕೊಳ್ಳಲಿ. ಹೋಟೆಲಿನವರು ಅಭ್ಯಾಸ ಮುಗಿಸಿ ಬಂದ ಮಕ್ಕಳಿಗೆ ನಾಲ್ಕು ಇಡ್ಲಿ ಕೊಡಲಿ. ಹೆಣ್ಣುಮಕ್ಕಳ ಹೆಸರೂ ಆ ಪಟ್ಟಿಯಲ್ಲಿರಲಿ.

ಈ ಸಲಹೆಯನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.