ಮೇಲಿನ ಕೆರೆ, ಕೆಳಗಿನ ಕೆರೆ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತರು. ದೊಡ್ಡ ಭಾಷಣ ನಮಗೆ ಬರೋದಿಲ್ಲ. ಈ ಶುಭದಿನ ಹಾಲಿನ ಬದಲು ನೀರಿನ ವಿಚಾರ ಎರಡು ಮಾತು ಆಡುತ್ತೇವೆ, ಬೇಸರ ಮಾಡ್ಕೋಬಾರದು.

ನಮ್ಮ ಕಡೆಯ ಕೆರೆಗಳು ಸರಪಳಿ ಇದ್ದ ಹಾಗೆ. ಹುಳಿಮಾವು ಕೆರೆ ಕೋಡಿ ಬಿದ್ದರೆ ನೀರು ಮಡಿವಾಳ ಕೆರೆಯ ಕಡೆಗೆ, ಅಲ್ಲಿಂದ ಅಗರ, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಹಿಂದೆ ನೀರುಗಂಟಿ ತೂಬು ನೋಡುತ್ತಿದ್ದ, ಊರವರೇ ಹೂಳು ತೆಗೆಯುತ್ತಿದ್ದರು.

2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿ ಬೃಹತ್ ಪಾಲಿಕೆಯಾಯಿತು. ಗದ್ದೆಗಳು ಲೇಔಟ್ ಆದವು, ಕಾಲುವೆ ಸಣ್ಣದಾಯಿತು. 2019ರ ನವೆಂಬರ್ 24ರಂದು ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆ ಕಂಪ್ಯೂಟರ್ ಕೆಲಸದವರು ಟ್ರ್ಯಾಕ್ಟರ್ ಹತ್ತಿ ಹೋದರು. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಬಡಾವಣೆ ಕಡೆ ನೆಲಮಾಳಿಗೆಯ ಮಳೆನೀರು ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಪ್ರಾಣ ಬಿಟ್ಟರು.

2025ರ ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆ ಹೋಗಿ ಐದು ಆಗಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಮಡಿವಾಳ ದಕ್ಷಿಣ ಪಾಲಿಕೆಗೆ, ಬೆಳ್ಳಂದೂರು ಪೂರ್ವ ಪಾಲಿಕೆಗೆ. ಒಳಚರಂಡಿ ಜಲಮಂಡಳಿಯದು, ರಾಜಕಾಲುವೆ ಪಾಲಿಕೆಯದು, ಹೊರಗಿನ ಹಳ್ಳಿ ಪಂಚಾಯ್ತಿಯದು. ಅಣ್ಣತಮ್ಮಂದಿರು ಭಾಗವಾದರೂ ಬಾವಿ ಒಂದೇ ಅಲ್ಲವೇ? ನೀರಿಗೆ ಗಡಿ ಗೊತ್ತಿಲ್ಲ. ಆದ್ದರಿಂದ ಯುಗಾದಿ ಕಳೆದ ಕೂಡಲೇ ಇವರೆಲ್ಲಾ ಒಟ್ಟಿಗೆ ಕಾಲುವೆಯುದ್ದಕ್ಕೂ ನಡೆದು ನೋಡಬೇಕು. ಯಾವ ಹೂಳು ಯಾರು ತೆಗೆಯಬೇಕು ಎಂದು ಆಗಲೇ ಬರೆದಿಟ್ಟುಕೊಳ್ಳಬೇಕು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನವರಿಗೆ ಕೂಡಲೇ ಫೋನು ಹೋಗಬೇಕು. ಸದಸ್ಯರ ಫೋನ್ ನಂಬರುಗಳೆಲ್ಲಾ ಸಂಘದಲ್ಲಿವೆ. ದಿನಾ ಎರಡು ಹೊತ್ತು ಜನ ಡೇರಿಗೆ ಬರುತ್ತಾರೆ. ಸುದ್ದಿ ಮುಟ್ಟಿಸುವ ಕೆಲಸ ನಾವು ಹೊತ್ತುಕೊಳ್ಳೋಣ.

ಸರ್ಕಾರವನ್ನು ಮಾತ್ರ ಅಂದರೆ ತಪ್ಪಾಗುತ್ತದೆ. ನಮ್ಮ ಹಿತ್ತಲ ಸಣ್ಣಗಾಲುವೆಗೆ ನಾವೇ ಮಣ್ಣು ಸುರಿದು ಹುಲ್ಲಿನ ಬಣವೆ ಒಟ್ಟಿದ್ದೆವು. ಒಂದು ರಾತ್ರಿಯ ಮಳೆಗೆ ಕೆಳಗಿನ ಮನೆಯವರ ಕೊಟ್ಟಿಗೆಗೆ ನೀರು ನುಗ್ಗಿ ಎಳೆಗರು ಸತ್ತಿತು. ಬೆಳಿಗ್ಗೆ ಡೇರಿಯಲ್ಲಿ ಅವರು ಕ್ಯಾನು ಹಿಡಿದು ನಮ್ಮ ಪಕ್ಕದಲ್ಲೇ ನಿಂತಿದ್ದರು. ಒಂದು ಮಾತು ಬೈಯಲಿಲ್ಲ. ನಮಗೆ ತಲೆ ಎತ್ತಲಾಗಲಿಲ್ಲ. ಅವತ್ತೇ ಮಣ್ಣು ತೆಗೆಸಿದೆವು.

ಪಾಲಿಕೆಗಳು ಕೂಡಿ ಕೆಲಸ ಮಾಡಲಿ ಎಂದು ಕೇಳುವ ಮೊದಲು ನಾವು ನಮ್ಮ ನಮ್ಮ ಹಿತ್ತಲ ಕಾಲುವೆ ಬಿಡಿಸೋಣ. ಆಮೇಲೆ ಧೈರ್ಯವಾಗಿ ಹೋಗಿ ಕೇಳೋಣ. ಸಹಕಾರ ಎಂದರೆ ಇದೇ ಎಂದು ಹೇಳಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ!