ಗರ್ಭದ ಚೋದಕಗಳು: ಮಹಾವಾನರಗಳು ಮತ್ತು ನಾವು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ: ಸುಮಾರು 21 ದಿನಕ್ಕೆ ಹಸು ಮತ್ತೆ ಬೆದೆಗೆ ಬರದಿದ್ದರೆ ಗಬ್ಬವಾಗಿರಬೇಕು. ಹಸುವಿನ ಗರ್ಭಾವಧಿ ಸುಮಾರು 280 ದಿನ. ಮನುಷ್ಯರಲ್ಲೂ ಕೊನೆಯ ಮುಟ್ಟಿನಿಂದ ಎಣಿಸಿದರೆ ಅಷ್ಟೇ. ಚಿಂಪಾಂಜಿಗೆ ಸುಮಾರು ಎಂಟು ತಿಂಗಳು ಸಾಕು. ಆದರೂ ಗರ್ಭದ ಒಳವ್ಯಾಪಾರದಲ್ಲಿ ನಮಗೆ ಹತ್ತಿರದ ನಂಟು ಹಸುವಲ್ಲ, ಚಿಂಪಾಂಜಿ. ಇದು ಹೇಗೆಂದು ನೋಡೋಣ.

ಅಂಡಾಣು ಹೊರಬಿದ್ದ ಜಾಗದಲ್ಲಿ ಪೀತಕಾಯ ಎಂಬ ಪುಟ್ಟ ಗ್ರಂಥಿ ಬೆಳೆಯುತ್ತದೆ. ಅದು ಸ್ರವಿಸುವ ಪ್ರೊಜೆಸ್ಟರಾನ್ ಗರ್ಭಕೋಶದ ಒಳಪದರವನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಪೀತಕಾಯ ಮುದುಡುತ್ತದೆ. ಹಾಗಾಗದಂತೆ ಭ್ರೂಣವು ತಾಯಿಯ ದೇಹಕ್ಕೆ ಸುದ್ದಿ ಮುಟ್ಟಿಸಬೇಕು. ಹಸುವಿನ ಭ್ರೂಣ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಗರ್ಭಕೋಶದಲ್ಲಿ ಬಿಡುತ್ತದೆ. ಮನುಷ್ಯ ಭ್ರೂಣದಲ್ಲಿ ಮುಂದೆ ಜರಾಯು, ಅಂದರೆ ಮಾಸು, ಆಗುವ ಭಾಗವು ಎಚ್‌ಸಿಜಿ ಎಂಬ ಚೋದಕವನ್ನು ತಾಯಿಯ ರಕ್ತಕ್ಕೆ ಸೇರಿಸುತ್ತದೆ. ಅದು ಎಂಟು-ಹತ್ತನೆಯ ವಾರದಲ್ಲಿ ಶಿಖರ ಮುಟ್ಟಿ ಇಳಿಯುತ್ತದೆ. ಆ ಹೊತ್ತಿಗೆ ಜರಾಯುವೇ ಪ್ರೊಜೆಸ್ಟರಾನ್ ತಯಾರಿಸುವ ಹೊಣೆ ಹೊತ್ತಿರುತ್ತದೆ.

ಆಶಾ ಕಾರ್ಯಕರ್ತೆಯರ ಬಳಿ ಇರುವ ಗರ್ಭಪರೀಕ್ಷೆಯ ಪಟ್ಟಿ ಮೂತ್ರದಲ್ಲಿ ಗುರುತಿಸುವುದು ಈ ಎಚ್‌ಸಿಜಿಯನ್ನೇ. ಸ್ವಾರಸ್ಯವೆಂದರೆ ಮೃಗಾಲಯಗಳಲ್ಲಿ ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್‌ಗಳ ಗರ್ಭ ತಿಳಿಯಲು ಇದೇ ಪಟ್ಟಿಯನ್ನು ಬಳಸುತ್ತಾರೆ. ಹಸುವಿನ ಮೂತ್ರಕ್ಕೆ ಅದು ಉತ್ತರ ಕೊಡದು. ಊರೊಳಗೆ ಓಡಾಡುವ, ತಲೆಗೂದಲು ಟೋಪಿಯಂತೆ ಹರಡಿದ ನಮ್ಮ ಕೋತಿಯಲ್ಲೂ ಇಂಥ ಚೋದಕ ಉಂಟು. ಆದರೆ ಅದು ಗರ್ಭದ ಆರಂಭದ ಕೆಲವೇ ವಾರ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಈ ಕೋತಿಯ ಸಂತಾನ ಚೋದಕಗಳನ್ನು ದೀರ್ಘಕಾಲ ಅಭ್ಯಸಿಸಿದರು.

ಇನ್ನು ಹೆರಿಗೆಯ ವಿಚಾರ. ಹಸುವಿನಲ್ಲಿ ಕರು ಹಾಕುವ ಮುನ್ನ ರಕ್ತದ ಪ್ರೊಜೆಸ್ಟರಾನ್ ಕುಸಿಯುತ್ತದೆ. ಮನುಷ್ಯರಲ್ಲಿ ಹಾಗೆ ಕುಸಿಯುವುದಿಲ್ಲ. ನಮ್ಮ ಜರಾಯು ಸಿಆರ್‌ಎಚ್ ಎಂಬ ಇನ್ನೊಂದು ಚೋದಕವನ್ನು ಸ್ರವಿಸುತ್ತದೆ. ದಿನ ತುಂಬಿದಂತೆ ಅದು ಏರುತ್ತಲೇ ಹೋಗುತ್ತದೆ. ಚಿಂಪಾಂಜಿ, ಗೊರಿಲ್ಲಗಳಲ್ಲೂ ಇದೇ ಏರಿಕೆ ಕಂಡುಬಂದಿದೆ. ಬಬೂನ್ ಕೋತಿಯಲ್ಲಾದರೋ ಅದು ಮೊದಲೇ ಏರಿ, ಹೆರಿಗೆಗೆ ಮುನ್ನ ತಗ್ಗುತ್ತದೆ.

ಇದು ಬರೀ ಕುತೂಹಲದ ಸಂಗತಿಯಲ್ಲ. ದಿನ ತುಂಬುವ ಮುನ್ನ ಹುಟ್ಟುವ ಕೂಸುಗಳನ್ನು ಉಳಿಸಿಕೊಳ್ಳಬೇಕಾದರೆ ಹೆರಿಗೆ ಆರಂಭವಾಗುವ ಬಗೆ ತಿಳಿಯಬೇಕು. ಕುರಿ, ಇಲಿಗಳಲ್ಲಿ ಕಲಿತದ್ದೆಲ್ಲ ನಮಗೆ ಹೊಂದುವುದಿಲ್ಲ. ಹೊಂದಬಹುದಾದ ಮಹಾವಾನರಗಳೋ ಅಳಿವಿನ ಅಂಚಿನಲ್ಲಿವೆ. ಅವುಗಳ ಮೇಲೆ ಪ್ರಯೋಗ ನಡೆಸುವುದು ಸಲ್ಲದು. ಕಾಡಿನಲ್ಲಿ ಎಲೆಯ ಮೇಲೆ ಬಿದ್ದ ಮೂತ್ರವನ್ನು ಸಂಗ್ರಹಿಸಿ ಚೋದಕಗಳನ್ನು ಅಳೆಯುವ ತಾಳ್ಮೆಯ ದಾರಿ ಇದೆ. ಆ ಕಾಡುಗಳು ಉಳಿದರೆ ಮಾತ್ರ ಆ ದಾರಿಯೂ ಉಳಿದೀತು.

ಮನೆಯಲ್ಲಿ ಅಕ್ಕ, ಅತ್ತಿಗೆಯರಿದ್ದರೆ ಒಂದು ಮಾತು ತಿಳಿಸಿ: ಮುಟ್ಟು ನಿಂತಾಗ ಪರೀಕ್ಷೆ ಮಾಡಿಸಿ, 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಲಿ. ರಕ್ತಹೀನತೆ, ರಕ್ತದೊತ್ತಡಗಳನ್ನು ಬೇಗ ಗುರುತಿಸಲು ಅದು ಮೊದಲ ಹೆಜ್ಜೆ. ಪಟ್ಟಿಯ ಮೇಲೆ ಮೂಡುವ ಆ ಎರಡು ಗೆರೆಗಳ ಹಿಂದಿನ ಚೋದಕ ನಮಗೂ ಮಹಾವಾನರಗಳಿಗೂ ಕೋಟ್ಯಂತರ ವರ್ಷಗಳಿಂದ ಬಂದ ಬಳುವಳಿ.