ತರಗತಿಯಲ್ಲಿ ಬಿಡಿಸಿದ ಕಣ್ಣು

ದೂರದರ್ಶನದ ಹಳೆಯ ಲಾಂಛನ ಸಭೆಯಲ್ಲಿರುವ ಹಿರಿಯರಿಗೆಲ್ಲ ನೆನಪಿದ್ದೀತು. ನಡುವೆ ಒಂದು ವೃತ್ತ, ಅದನ್ನು ಬಳಸಿ ಎರಡು ಬಾಗಿದ ಗೆರೆಗಳು. ಒಟ್ಟಿಗೆ ನೋಡಿದರೆ ಕಣ್ಣು. 1970ರ ದಶಕದಲ್ಲಿ ಅದನ್ನು ಬಿಡಿಸಿದ ದೇವಾಶಿಶ್ ಭಟ್ಟಾಚಾರ್ಯ ಆಗಿನ್ನೂ ವಿದ್ಯಾರ್ಥಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಭ್ಯಾಸಕ್ಕೆಂದು ಬರೆದ ಗೆರೆಗಳೇ ದೇಶದ ಟೆಲಿವಿಷನ್ನಿನ ಗುರುತಾದವು.

ಗ್ರಾಫಿಕ್ ಡಿಸೈನ್ ಓದುತ್ತೇನೆಂದು ಮಗಳು ಹೇಳಿದರೆ ಮನೆಯಲ್ಲಿ ಮೊದಲು ಏಳುವುದು ಹೊಟ್ಟೆಪಾಡಿನ ಪ್ರಶ್ನೆ. ಆರು ತಿಂಗಳು ಕಂಪ್ಯೂಟರ್ ಕಲಿತರೆ ಸಿಗುವ ಕೆಲಸಕ್ಕೆ ನಾಲ್ಕು ವರ್ಷದ ಪದವಿ ಏಕೆ ಎಂಬುದು ಎರಡನೆಯದು. ಖರ್ಚು ಕೊಡುವವರು ಕೇಳಬೇಕಾದದ್ದೇ.

ಇದಕ್ಕೆ ಉತ್ತರ ಒಂದು ತಂಬಿಗೆಯಲ್ಲಿದೆ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಒಪ್ಪಿಸಿದ ವರದಿಯಲ್ಲಿ ಬಹುವಾಗಿ ಮೆಚ್ಚಿದ್ದು ನಮ್ಮ ನೀರಿನ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದಾಗ ಹೇಗೆ ಸುರಿಯಬೇಕು ಎಂದು ಅವರು ಕೇಳುತ್ತ ಹೋದರು. 1961ರಲ್ಲಿ ಹುಟ್ಟಿದ ಅಹಮದಾಬಾದಿನ ಸಂಸ್ಥೆಗೆ ಆ ವರದಿಯೇ ತಳಪಾಯ. ಸಾಫ್ಟ್‌ವೇರ್ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹೀಗೆ ಕೇಳುವ ಅಭ್ಯಾಸ ಮಾತ್ರ ಆರು ತಿಂಗಳಲ್ಲಿ ಕೈಗೆ ಬರುವುದಿಲ್ಲ.

2010ರಲ್ಲಿ ಆಯ್ಕೆಯಾದ ರೂಪಾಯಿ ಚಿಹ್ನೆಯನ್ನು ರಚಿಸಿದ ಡಿ. ಉದಯ ಕುಮಾರ್ ಓದಿದ್ದು ಮುಂಬೈ ಐಐಟಿಯ ವಿನ್ಯಾಸ ಕೇಂದ್ರದಲ್ಲಿ. ಅವರ ಸಂಶೋಧನೆ ತಮಿಳು ಅಕ್ಷರಗಳ ಮೇಲೆ. ಚಿಹ್ನೆಯಲ್ಲಿ ದೇವನಾಗರಿಯ 'ರ', ರೋಮನ್ 'ಆರ್' ಎರಡೂ ಕೂಡಿವೆ. ಅಕ್ಷರದ ಮೈಕಟ್ಟನ್ನು ವರ್ಷಗಟ್ಟಲೆ ನೋಡಿದ ಕಣ್ಣಿಗೆ ಅಂಥದ್ದು ಹೊಳೆಯುತ್ತದೆ.

ಕನ್ನಡಕ್ಕೂ ಈ ಕೇಂದ್ರದ ನಂಟುಂಟು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಜೋಶಿಯವರ ನಿರ್ದೇಶನದಲ್ಲಿ ರೂಪುಗೊಂಡದ್ದೇ ವಿಂಡೋಸ್ ಕಂಪ್ಯೂಟರುಗಳಲ್ಲಿ ಬಂದ 'ತುಂಗಾ' ಎಂಬ ಕನ್ನಡ ಫಾಂಟು. ಮರಾಠಿ ಮಾತಿನವರು ನಮ್ಮ ಲಿಪಿಗಾಗಿ ಮಾಡಿದ ಕೆಲಸ ಅದು.

ಕನ್ನಡದ ಹುಡುಗ ಹುಡುಗಿಯರಿಗೆ ಕೆಲಸ ಕಾದಿರುವುದು ಇಲ್ಲಿಯೇ. ಇಂಗ್ಲಿಷ್ ಅಕ್ಷರಕ್ಕೆ ಒತ್ತು ಇಲ್ಲ. 'ರಾಷ್ಟ್ರ' ಎಂದು ಬರೆಯಲು ಹೋದರೆ ಟಕಾರದ ಒತ್ತು ಕೆಳಗಿಳಿಯುತ್ತದೆ, ರಕಾರದ್ದು ಪಕ್ಕಕ್ಕೆ ಚಾಚುತ್ತದೆ. ಇಂಗ್ಲಿಷಿನ ಅಳತೆಯಲ್ಲಿ ಸಾಲಿನ ನಡುವೆ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಔಷಧದ ಚೀಟಿಯಲ್ಲಿ ಹೀಗಾದರೆ ಓದುವ ಅಜ್ಜಿಯ ಗತಿಯೇನು?

ಈ ವಿದ್ಯೆ ಓದಿದವರಿಗೆ ಕೆಲಸ ಕೊಡುವವರು ಅಂಕಪಟ್ಟಿಗಿಂತ ಮೊದಲು ನೋಡುವುದು ಮಾಡಿದ ಕೆಲಸಗಳ ಕಡತವನ್ನು. ಅದರಲ್ಲಿ ಒಂದೆರಡು ಹಾಳೆ ಆ ಚೀಟಿಯನ್ನು ಅಜ್ಜಿ ಕನ್ನಡಕ ತಡಕದೆ ಓದುವಂತೆ ತಿದ್ದಿದ್ದಾಗಿರಲಿ.